ಒಂದು ದೇಶವನ್ನು ತೂಕಕ್ಕೆ ಹಾಕುವುದು ಹೇಗೆ?

ತಿಪಟೂರು ಕಡೆ ಅಮ್ಮನಿಗೊಂದು ಮನೆ ಕಟ್ಟಿಸುತ್ತಿದ್ದೆವು. ಮೋಲ್ಡ್ ಹಾಕುವ ದಿನ ಮಿಕ್ಸರ್ ಪಕ್ಕ ನಿಂತು ಮೇಸ್ತ್ರಿಯನ್ನು ಕೇಳಿದೆ, ಒಂದು ಮೂಟೆ ಸಿಮೆಂಟಿಗೆ ಏನೇನು ಎಷ್ಟೆಷ್ಟು ಹಾಕ್ತೀರಿ ಅಂತ. "ಐದು ಬಾಂಡ್ಲಿ ಎಂ-ಸ್ಯಾಂಡು, ಒಂಬತ್ತು ಬಾಂಡ್ಲಿ ಜಲ್ಲಿ, ಅಷ್ಟೇ ಅಕ್ಕಾ" ಅಂದರು. ಪಕ್ಕದ ಮನೆಯಲ್ಲಿ ಕೊಬ್ಬರಿ ತೂಗುವ ಯಂತ್ರ ಇತ್ತು. ಒಂದೊಂದು ಬಾಂಡ್ಲಿ ಇಟ್ಟು ತೂಗಿದೆ. ಮರಳು 18 ಕೆಜಿ, ಜಲ್ಲಿ 17 ಕೆಜಿ. ಅಂದರೆ 50 ಕೆಜಿಯ ಒಂದು ಮೂಟೆ ಸಿಮೆಂಟಿನ ಜೊತೆ 243 ಕೆಜಿ ಮರಳು, ಜಲ್ಲಿ ಸೇರುತ್ತಿತ್ತು. ಹೆಚ್ಚುಕಡಿಮೆ ಐದು ಪಟ್ಟು.

ಈ "ಐದು ಪಟ್ಟು" ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ. ದೇಶ ದೇಶಗಳ ಅಂಕಿಅಂಶ ಇಲಾಖೆಗಳು ಮಾಡುವ ಒಂದು ದೊಡ್ಡ ಲೆಕ್ಕದ ಅರ್ಧ ಭಾರ ಇಂಥದ್ದೇ ಅಂಕಿಯ ಮೇಲೆ ನಿಂತಿದೆ. ಅದಕ್ಕೆ ವಸ್ತು ಹರಿವಿನ ಲೆಕ್ಕ ಅನ್ನೋಣ. ಒಂದು ವರ್ಷದಲ್ಲಿ ದೇಶ ತನ್ನ ನೆಲದಿಂದ ಎಷ್ಟು ಟನ್ ತೆಗೆಯಿತು, ಹೊರಗಿನಿಂದ ಎಷ್ಟು ತರಿಸಿತು, ಹೊರಗೆ ಎಷ್ಟು ಕಳಿಸಿತು, ಉಳಿದದ್ದು ಏನಾಯಿತು ಅನ್ನುವ ಲೆಕ್ಕ. ರೂಪಾಯಿಯಲ್ಲಿ ಅಲ್ಲ, ಟನ್‌ನಲ್ಲಿ.

1990ರ ದಶಕದ ಶುರುವಿನಲ್ಲಿ ಆಸ್ಟ್ರಿಯಾ, ಜರ್ಮನಿ, ಜಪಾನ್ ಈ ಲೆಕ್ಕವನ್ನು ಮೊದಲು ಮಾಡಿದವು. 2011ರಲ್ಲಿ ಐರೋಪ್ಯ ಒಕ್ಕೂಟ ಕಾನೂನು ಮಾಡಿ, ಸದಸ್ಯ ದೇಶಗಳೆಲ್ಲ ಇದನ್ನು ಕೊಡಲೇಬೇಕು ಅಂದಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇಡೀ ಜಗತ್ತಿಗೆ ಇದೇ ಲೆಕ್ಕ ಇಡುತ್ತದೆ. ಅದರ ಪ್ರಕಾರ 1970ರಲ್ಲಿ ಜಗತ್ತು ನೆಲದಿಂದ ತೆಗೆದದ್ದು ಸುಮಾರು 3,000 ಕೋಟಿ ಟನ್. 2024ರ ಹೊತ್ತಿಗೆ ಅದು 10,600 ಕೋಟಿ ಟನ್. ಭೂಮಿಯ ಮೇಲಿನ ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 36 ಕೆಜಿ ಬರುತ್ತದೆ.

ಈ ಲೆಕ್ಕವನ್ನು ನೀವೂ ಮಾಡಬಹುದು. ಇದರಲ್ಲಿ ದೊಡ್ಡ ಗಣಿತವೇನೂ ಇಲ್ಲ, ಕೂಡಿಸುವುದು, ಕಳೆಯುವುದು ಗೊತ್ತಿದ್ದರೆ ಸಾಕು. ಕಷ್ಟವೆಲ್ಲ ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದರಲ್ಲಿದೆ. ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಕಾಲಂಗಳು ಇಷ್ಟಿರಲಿ: ವಸ್ತು, ನಮ್ಮ ನೆಲದಿಂದ ತೆಗೆದದ್ದು, ಆಮದು, ರಫ್ತು, ಅಂಕಿ ಎಲ್ಲಿಂದ ಸಿಕ್ಕಿತು. ಕೊನೆಗೆ ಇನ್ನೊಂದು ಕಾಲಂ, ತೂಗಿದ್ದೋ ಅಂದಾಜೋ. ಈ ಕೊನೆಯ ಕಾಲಂ ಬಿಡಬೇಡಿ.

ಮೊದಲ ಹೆಜ್ಜೆ: ಗೆರೆ ಎಳೆದುಕೊಳ್ಳಿ

ಒಂದು ಕಡೆ ಪ್ರಕೃತಿ, ಇನ್ನೊಂದು ಕಡೆ ಆರ್ಥಿಕತೆ. ನಡುವೆ ಒಂದು ಗೆರೆ. ವಸ್ತು ಆ ಗೆರೆಯನ್ನು ಮೊದಲ ಸಲ ದಾಟುವಾಗ ಮಾತ್ರ ತೂಗಬೇಕು. ಆಮೇಲೆ ಅದು ಹತ್ತು ಕಾರ್ಖಾನೆ ಸುತ್ತಿದರೂ ಮತ್ತೆ ಎಣಿಸುವಂತಿಲ್ಲ. ಸುಣ್ಣದಕಲ್ಲನ್ನು ಕ್ವಾರಿಯಲ್ಲಿ ಎಣಿಸಿದ ಮೇಲೆ ಅದರಿಂದಾದ ಸಿಮೆಂಟನ್ನು ಎಣಿಸಿದರೆ ಒಂದೇ ಕಲ್ಲು ಎರಡು ಸಲ ಬಂದಂತೆ.

ಈ ಗೆರೆ ಎಲ್ಲಿ ಹಾಯುತ್ತದೆ ಅನ್ನುವುದು ಮೊದಲ ಸಲ ಕೇಳಿದವರಿಗೆ ಆಶ್ಚರ್ಯ ತರುತ್ತದೆ. ಹೊಲದ ರಾಗಿ ಪ್ರಕೃತಿಯ ಕಡೆಗಿದೆ. ಕೊಯ್ದಾಗ ಗೆರೆ ದಾಟುತ್ತದೆ, ಆಗ ತೂಗಬೇಕು. ಹಸು ಮಾತ್ರ ಆರ್ಥಿಕತೆಯ ಒಳಗೇ ಇದೆ. ಹಾಗಾಗಿ ಹಾಲನ್ನು ಎಣಿಸುವುದಿಲ್ಲ! ಹಸು ತಿಂದ ಹುಲ್ಲು ಗೆರೆ ದಾಟಿ ಒಳಗೆ ಬಂತು, ಅದನ್ನು ಎಣಿಸುತ್ತೇವೆ. ಹಾಲು ಆ ಹುಲ್ಲಿನಿಂದಲೇ ಆದದ್ದು. ದಿನಾ ಬೆಳಿಗ್ಗೆ ಡೇರಿಗೆ ಹೋಗುವ ಕ್ಯಾನುಗಳೆಲ್ಲ ಈ ಶೀಟಿನಲ್ಲಿ ಕಾಣುವುದಿಲ್ಲ, ಅವುಗಳ ಹಿಂದಿನ ಮೇವು ಕಾಣುತ್ತದೆ. ಸಮುದ್ರದಲ್ಲಿ ಹಿಡಿದ ಬಂಗುಡೆ ಲೆಕ್ಕಕ್ಕೆ ಬರುತ್ತದೆ. ಕೆರೆ, ಕೊಳದಲ್ಲಿ ತಿನಿಸು ಹಾಕಿ ಸಾಕಿದ ಮೀನು ಹಸುವಿನ ಹಾಗೆ ಒಳಗಿನದು, ಅದು ಬರುವುದಿಲ್ಲ.

ನೀರು ಮತ್ತು ಗಾಳಿಯನ್ನು ಎಣಿಸುವುದಿಲ್ಲ. ನೀರಿನ ತೂಕ ಎಷ್ಟು ದೊಡ್ಡದೆಂದರೆ ಅದನ್ನು ಸೇರಿಸಿದರೆ ಉಳಿದದ್ದೆಲ್ಲ ಅದರ ಮುಂದೆ ಧೂಳಿನಂತೆ ಕಾಣುತ್ತದೆ. ಅದಕ್ಕೆ ಬೇರೆಯದೇ ಲೆಕ್ಕ ಇದೆ.

ಗೆರೆ ಎಳೆದ ಮೇಲೆ ಸಾಲುಗಳನ್ನು ನಾಲ್ಕು ರಾಶಿ ಮಾಡಿ. ಬೆಳೆ, ಮೇವು, ಮರ, ಮೀನು ಒಂದು. ಲೋಹದ ಅದಿರು ಇನ್ನೊಂದು. ಕಲ್ಲು, ಮರಳು, ಜೇಡಿಮಣ್ಣು, ಸುಣ್ಣದಕಲ್ಲು ಮೂರನೆಯದು. ಕಲ್ಲಿದ್ದಲು, ಕಚ್ಚಾ ಎಣ್ಣೆ, ಗ್ಯಾಸ್ ನಾಲ್ಕನೆಯದು. ಎಲ್ಲ ದೇಶಗಳೂ ಇದೇ ನಾಲ್ಕು ರಾಶಿ ಮಾಡುತ್ತವೆ.

ಎರಡನೆಯ ಹೆಜ್ಜೆ: ಸುಲಭದ್ದನ್ನು ಮೊದಲು ತುಂಬಿ

ಕಲ್ಲಿದ್ದಲಿನಿಂದ ಶುರು ಮಾಡಿ. ತೂಗದೆ ಯಾರೂ ಕಲ್ಲಿದ್ದಲು ಮಾರುವುದಿಲ್ಲ, ಹಾಗಾಗಿ ಅಂಕಿ ಗಟ್ಟಿ. 2023-24ರಲ್ಲಿ ಭಾರತದ ಗಣಿಗಳಿಂದ ಬಂದದ್ದು ಸುಮಾರು 99.7 ಕೋಟಿ ಟನ್. ಆಮದು ಸುಮಾರು 26 ಕೋಟಿ ಟನ್. ರಫ್ತು ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಅಲ್ಲಿಗೆ ದೇಶದೊಳಗೆ ಬಳಕೆಗೆ ಸಿಕ್ಕಿದ್ದು ಹತ್ತಿರಹತ್ತಿರ 126 ಕೋಟಿ ಟನ್. 143 ಕೋಟಿ ಜನಕ್ಕೆ ಭಾಗಿಸಿ. ತಲೆಗೆ ವರ್ಷಕ್ಕೆ 880 ಕೆಜಿ, ದಿನಕ್ಕೆ 2.4 ಕೆಜಿ. ಮನೆಯಲ್ಲಿ ನಾವು ಕಲ್ಲಿದ್ದಲನ್ನು ಮುಟ್ಟುವುದೇ ಇಲ್ಲ. ಆದರೂ ಒಬ್ಬ ಮನುಷ್ಯ ದಿನಕ್ಕೆ ತಿನ್ನುವ ಅಕ್ಕಿ, ರಾಗಿ, ಬೇಳೆಗಿಂತ ಅದು ಜಾಸ್ತಿ.

ಎಣ್ಣೆಯಲ್ಲಿ ಒಂದು ಪಾಠ ಇದೆ. ಅದೇ ವರ್ಷ ನಮ್ಮ ಬಾವಿಗಳಿಂದ ಬಂದ ಕಚ್ಚಾ ಎಣ್ಣೆ ಸುಮಾರು 2.9 ಕೋಟಿ ಟನ್. ಆಮದಾದ ಕಚ್ಚಾ ಎಣ್ಣೆ 23.4 ಕೋಟಿ ಟನ್. ಇಷ್ಟಕ್ಕೇ ನಿಲ್ಲಿಸಿದರೆ ತಪ್ಪು. ಅಡುಗೆ ಗ್ಯಾಸಿನಂಥ ಸಿದ್ಧ ಪದಾರ್ಥಗಳೂ ಸುಮಾರು 4.9 ಕೋಟಿ ಟನ್ ಒಳಗೆ ಬಂದವು. ನಮ್ಮ ರಿಫೈನರಿಗಳು ಶುದ್ಧ ಮಾಡಿದ ಡೀಸೆಲ್, ಪೆಟ್ರೋಲ್ ಎಲ್ಲ ಸೇರಿ ಸುಮಾರು 6.2 ಕೋಟಿ ಟನ್ ಹೊರಗೆ ಹೋದವು. ಕೂಡಿ ಕಳೆದರೆ 25 ಕೋಟಿ ಟನ್. ವಸ್ತು ಯಾವ ರೂಪದಲ್ಲಿ ಗಡಿ ದಾಟಿದರೂ ಸರಿ, ಅದರದೇ ರಾಶಿಗೆ ಸೇರಿಸಬೇಕು.

ಬೆಳೆಗಳ ಅಂಕಿ ಕೃಷಿ ಇಲಾಖೆಯಲ್ಲಿ, ಅದಿರಿನದು ನಾಗ್ಪುರದ ಭಾರತೀಯ ಗಣಿ ಬ್ಯೂರೋದ ವಾರ್ಷಿಕ ಪುಸ್ತಕದಲ್ಲಿ, ಆಮದು ರಫ್ತಿನದು ಕೋಲ್ಕತ್ತಾದಲ್ಲಿರುವ ವಾಣಿಜ್ಯ ಅಂಕಿಅಂಶ ಮಹಾನಿರ್ದೇಶನಾಲಯದಲ್ಲಿ ಸಿಗುತ್ತದೆ. ಎಲ್ಲಕ್ಕೂ ಒಂದೇ ವರ್ಷ ಹಿಡಿಯಿರಿ. ಒಂದು ಕಡೆ ಏಪ್ರಿಲ್‌ನಿಂದ ಮಾರ್ಚ್, ಇನ್ನೊಂದು ಕಡೆ ಜನವರಿಯಿಂದ ಡಿಸೆಂಬರ್ ಅಂತ ಬೆರೆಸಿದರೆ ಆಮೇಲೆ ಬಿಡಿಸುವುದು ಕಷ್ಟ.

ಮೂರನೆಯ ಹೆಜ್ಜೆ: ಅದಿರಿನಲ್ಲಿ ಕಲ್ಲನ್ನೂ ತೂಗಿ

ಲೋಹದ ರಾಶಿಯಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ತಾಮ್ರ ಇಷ್ಟು ಟನ್, ಚಿನ್ನ ಇಷ್ಟು ಟನ್ ಅಂತ ಬರೆದುಬಿಡುತ್ತಾರೆ. ಹಾಗಲ್ಲ. ಗಣಿಯಿಂದ ಗಿರಣಿಗೆ ಹೋದ ಪೂರ್ತಿ ಅದಿರನ್ನು ಎಣಿಸಬೇಕು.

ಇದು ಕಣ್ಣಿಗೆ ಕಾಣಬೇಕಾದರೆ ಕೆಜಿಎಫ್‌ಗೆ ಹೋಗಿ. 2001ರಲ್ಲಿ ಮುಚ್ಚಿದ ಆ ಗಣಿಗಳಿಂದ ಬಂದ ಚಿನ್ನ ಒಟ್ಟು ಸುಮಾರು 800 ಟನ್. ಅದನ್ನು ತೆಗೆದ ಮೇಲೆ ಉಳಿದ ಪುಡಿ ಇವತ್ತಿಗೂ ಊರಿನ ಸುತ್ತ ಗುಡ್ಡಗಳಾಗಿ ನಿಂತಿದೆ. ಅವುಗಳನ್ನು ಸೈನೈಡ್ ದಿಬ್ಬ ಅನ್ನುತ್ತಾರೆ. ಅಂದಾಜು 3.3 ಕೋಟಿ ಟನ್. ಭಾಗಿಸಿ ನೋಡಿದರೆ 10 ಗ್ರಾಂ ಚಿನ್ನದ ಹಿಂದೆ 400 ಕೆಜಿಗೂ ಹೆಚ್ಚು ಕಲ್ಲಿನ ಪುಡಿ ಇದೆ. ಅದೂ ಶುರುವಿನಲ್ಲಿ ಒಳ್ಳೊಳ್ಳೆ ಅದಿರು ಸಿಕ್ಕಿದ ಗಣಿ ಅದು. ಇವತ್ತು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಅಂದರೆ ಒಂದು ಉಂಗುರಕ್ಕೆ ಟನ್‌ಗಟ್ಟಲೆ ಕಲ್ಲು.

ಆದರೆ ಅದಿರಿನ ಮೇಲೆ ಹೊದ್ದಿದ್ದ ಮಣ್ಣನ್ನು ತೆಗೆದು ಪಕ್ಕಕ್ಕೆ ಸುರಿದರೆ ಅದನ್ನು ಎಣಿಸುವುದಿಲ್ಲ. ಅದು ಬಳಕೆಗೆ ಬರಲೇ ಇಲ್ಲ ಅನ್ನುವುದು ನಿಯಮದ ಮಾತು. ಹೊಲದಲ್ಲೇ ಉತ್ತು ಮಣ್ಣಿಗೆ ಸೇರಿಸಿದ ಕೂಳೆಗೂ ಇದೇ ನಿಯಮ. ಗಣಿ ಮಣ್ಣಿನ ವಿಷಯದಲ್ಲಿ ನನಗೆ ಈ ನಿಯಮ ಒಪ್ಪಿಗೆಯಿಲ್ಲ. ಆ ಮಣ್ಣು ಹಳ್ಳಕ್ಕೆ ಇಳಿದು, ಕೆಳಗಿನ ಗದ್ದೆಗೆ ನುಗ್ಗುವುದು ಲೆಕ್ಕದಲ್ಲಿ ಇಲ್ಲದಿದ್ದರೂ ಊರಿನವರಿಗೆ ಇದ್ದೇ ಇದೆ. ಆದರೂ ಬೇರೆ ದೇಶಗಳ ಜೊತೆ ಹೋಲಿಸಬೇಕಾದರೆ ನಿಯಮದಂತೆಯೇ ನಡೆಯಬೇಕು. ಬೇಕಿದ್ದರೆ ಪಕ್ಕದಲ್ಲಿ ಬೇರೆ ಕಾಲಂ ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಯಾರೂ ತೂಗದ್ದನ್ನು ತೂಗುವುದು

ಇದೇ ಈ ಕೆಲಸದ ಹೃದಯ. ಅತಿ ಭಾರದ ಎರಡು ವಸ್ತುಗಳನ್ನು ಯಾವ ದೇಶವೂ ಸರಿಯಾಗಿ ತೂಗುವುದಿಲ್ಲ. ಒಂದು ಮೇವು, ಇನ್ನೊಂದು ಮರಳು ಮತ್ತು ಜಲ್ಲಿ.

ಮೇವಿನದು ನೋಡೋಣ. ಹಸು ಬಯಲಲ್ಲಿ ಮೇದ ಹುಲ್ಲಿಗೆ ಯಾರು ರಶೀದಿ ಕೊಡುತ್ತಾರೆ? ಅದಕ್ಕೆ ಉಲ್ಟಾ ಲೆಕ್ಕ ಮಾಡುತ್ತಾರೆ. ದೇಶದಲ್ಲಿ ಎಷ್ಟು ದನ ಇವೆ, ಒಂದು ದನ ವರ್ಷಕ್ಕೆ ಎಷ್ಟು ತಿನ್ನುತ್ತದೆ, ಗುಣಿಸು. ಬಂದದ್ದರಲ್ಲಿ ರೈತರು ಬಣವೆ ಹಾಕಿ ಕೊಟ್ಟ ರಾಗಿ ಹುಲ್ಲು, ಭತ್ತದ ಹುಲ್ಲು, ಬೆಳೆದ ಹಸಿರು ಮೇವು ಇವನ್ನು ಕಳೆ. ಉಳಿದದ್ದು ಬಯಲಲ್ಲಿ ಮೇದದ್ದು.

ಯುರೋಪಿನ ಕೈಪಿಡಿಯಲ್ಲಿ ಒಂದು ದನಕ್ಕೆ ವರ್ಷಕ್ಕೆ ಸರಾಸರಿ 4.5 ಟನ್, ಒಂದು ಕುರಿ ಅಥವಾ ಮೇಕೆಗೆ ಅರ್ಧ ಟನ್ ಅಂತ ಇದೆ. 2019ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ 19.25 ಕೋಟಿ ದನ, ಸುಮಾರು 11 ಕೋಟಿ ಎಮ್ಮೆ ಇದ್ದವು. 4.5ರಿಂದ ಗುಣಿಸಿದರೆ 136 ಕೋಟಿ ಟನ್. ಆದರೆ ನಮ್ಮ ಮಲೆನಾಡು ಗಿಡ್ಡವನ್ನು ಯುರೋಪಿನ ಹಸುವಿನ ಪಕ್ಕ ನಿಲ್ಲಿಸಿ ನೋಡಿ. ಎರಡೂ ಒಂದೇ ಪ್ರಮಾಣದಲ್ಲಿ ತಿನ್ನುತ್ತವೆ ಅಂತ ಯಾವ ರೈತನೂ ಒಪ್ಪುವುದಿಲ್ಲ. 3 ಟನ್ ಅಂತ ಇಟ್ಟರೆ 91 ಕೋಟಿ ಟನ್‌ಗೆ ಇಳಿಯುತ್ತದೆ. ಒಂದೇ ಒಂದು ಅಂಕಿ ಬದಲಿಸಿದ್ದಕ್ಕೆ 45 ಕೋಟಿ ಟನ್ ವ್ಯತ್ಯಾಸ! ನಮ್ಮ ದೇಶದ ಒಂದು ವರ್ಷದ ಕಲ್ಲಿದ್ದಲು ಉತ್ಪಾದನೆಯ ಹತ್ತಿರಹತ್ತಿರ ಅರ್ಧದಷ್ಟು. ಅದಕ್ಕೇ ಪರದೇಶದ ಅಂಕಿಯನ್ನು ಸುಮ್ನೆ ಎತ್ತಿಕೊಳ್ಳಬೇಡಿ. ನಿಮ್ಮೂರಿನ ಪಶುವೈದ್ಯರನ್ನು ಕೇಳಿ, ಹಸು ಕಟ್ಟಿದ ಅಕ್ಕಂದಿರನ್ನು ಕೇಳಿ.

ಇನ್ನೊಂದು ಎಚ್ಚರಿಕೆ, ತೇವದ್ದು. ಮೇವನ್ನು ಶೇ. 15 ತೇವಕ್ಕೆ ಇಳಿಸಿ ಬರೆಯುವುದು ಪದ್ಧತಿ. ಆಗಷ್ಟೇ ಕೊಯ್ದ ಒಂದು ಟನ್ ಹಸಿ ಹುಲ್ಲಿನಲ್ಲಿ 800 ಕೆಜಿ ನೀರೇ ಇದ್ದರೆ, ಶೀಟಿನಲ್ಲಿ ಬರೆಯಬೇಕಾದ್ದು ಬರೀ 235 ಕೆಜಿ. ಹಸಿ ಹುಲ್ಲನ್ನೂ ಒಣ ಹುಲ್ಲನ್ನೂ ಹಾಗೇ ಕೂಡಿಸಿದರೆ ನೀರನ್ನೇ ಎಣಿಸಿದಂತೆ.

ಈಗ ಮರಳು. ರಾಯಲ್ಟಿ ಪರ್ಮಿಟ್ ಲೆಕ್ಕ ನಂಬಿಕೊಂಡರೆ ಕೈಗೆ ಸಿಗುವುದು ಪರ್ಮಿಟ್ ಇದ್ದ ಲಾರಿಗಳು ಮಾತ್ರ. ರಾತ್ರಿ ಹೊಳೆಯಿಂದ ಎದ್ದ ಟ್ರ್ಯಾಕ್ಟರ್ ಯಾವ ಪುಸ್ತಕದಲ್ಲೂ ಇಲ್ಲ. ಇಲ್ಲೇ ಅಮ್ಮನ ಮನೆಯ ಬಾಂಡ್ಲಿ ಲೆಕ್ಕ ಕೆಲಸಕ್ಕೆ ಬರುವುದು. ಮರಳನ್ನು ಬಚ್ಚಿಡಬಹುದು, ಸಿಮೆಂಟನ್ನು ಬಚ್ಚಿಡುವುದು ಕಷ್ಟ. ಅದು ದೊಡ್ಡ ಕಾರ್ಖಾನೆಯಲ್ಲಿ ಆಗುತ್ತದೆ, ಮೂಟೆ ಮೂಟೆಗೂ ಬಿಲ್ ಇರುತ್ತದೆ. 2023-24ರಲ್ಲಿ ಭಾರತದಲ್ಲಿ ತಯಾರಾದ ಸಿಮೆಂಟ್ ಸುಮಾರು 42 ಕೋಟಿ ಟನ್. ಮೋಲ್ಡಿಗೆ ಐದು ಪಟ್ಟು, ಗಾರೆ ಮತ್ತು ಗೋಡೆ ಕೆಲಸಕ್ಕೆ ಆರಕ್ಕೂ ಹೆಚ್ಚು ಪಟ್ಟು. ಸರಾಸರಿ ಐದರಿಂದ ಆರು ಅಂತಿಟ್ಟುಕೊಳ್ಳಿ. 210ರಿಂದ 250 ಕೋಟಿ ಟನ್ ಮರಳು ಮತ್ತು ಜಲ್ಲಿ! ಕಲ್ಲಿದ್ದಲಿನ ಎರಡು ಪಟ್ಟಿಗೂ ಹೆಚ್ಚು. ಇದರಲ್ಲಿ ಇನ್ನೂ ಟಾರು ರಸ್ತೆ ಸೇರಿಲ್ಲ. ಅದಕ್ಕೆ ಟಾರಿನ ತೂಕ ಹಿಡಿಯಬೇಕು. ರಸ್ತೆಗೆ ಹಾಸುವ ಮಿಶ್ರಣದಲ್ಲಿ ಟಾರು ಶೇ. 5ರಷ್ಟು, ಉಳಿದದ್ದು ಜಲ್ಲಿ, ಪುಡಿ. ಒಂದು ಟನ್ ಟಾರಿಗೆ 19 ಟನ್.

ಸಣ್ಣ ಮಟ್ಟದಲ್ಲಿ, ಒಂದು ಪಂಚಾಯ್ತಿಗೋ ತಾಲ್ಲೂಕಿಗೋ ಲೆಕ್ಕ ಮಾಡುವವರು ಲೋಡ್‌ಗಳನ್ನೇ ಎಣಿಸಬಹುದು. ಒಂದು ಯೂನಿಟ್ ಅಂದರೆ 100 ಘನ ಅಡಿ, ಉತ್ತರ ಕರ್ನಾಟಕದ ಕಡೆ ಬ್ರಾಸ್ ಅನ್ನುತ್ತಾರೆ. ತೂಕದಲ್ಲಿ ಸುಮಾರು ನಾಲ್ಕೂವರೆ ಟನ್. ಒದ್ದೆ ಮರಳಾದರೆ ಬದಲಾಗುತ್ತದೆ. ಒಂದೆರಡು ಲೋಡನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡಿಬಿಡಿ. ನಮ್ಮ ಮನೆಗೆ ಬಂದ ಒಂದು ಲೋಡ್ ಅರ್ಧ ಯೂನಿಟ್ ಕಡಿಮೆ ಇತ್ತು ಅಂತ ನಮಗೆ ಗೊತ್ತಾಗಿದ್ದೇ ಹಾಗೆ.

ಐದನೆಯ ಹೆಜ್ಜೆ: ಗಡಿಯಲ್ಲಿ ನಿಂತು ಎಣಿಸಿ

ಆಮದು ರಫ್ತಿನ ಪ್ರತಿ ಸರಕಿಗೂ ಎಚ್‌ಎಸ್ ಕೋಡ್ ಇರುತ್ತದೆ, ಅಂದರೆ ಅದು ಯಾವ ಸರಕು ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ. ಹೆಚ್ಚಿನದಕ್ಕೆ ಕೆಜಿ ಲೆಕ್ಕ ಸಿಗುತ್ತದೆ. ಕೆಲವಕ್ಕೆ ಇಷ್ಟು ನಗ, ಇಷ್ಟು ಮೀಟರ್ ಅಂತ ಮಾತ್ರ ಇರುತ್ತದೆ. ಒಂದರ ಸಾಮಾನ್ಯ ತೂಕ ಹಿಡಿದು ಗುಣಿಸಿಕೊಳ್ಳಿ. ಸಿದ್ಧ ವಸ್ತುವನ್ನು ಅದರಲ್ಲಿ ಯಾವುದು ಜಾಸ್ತಿಯೋ ಆ ರಾಶಿಗೆ ಸೇರಿಸಿ. ಪೀಠೋಪಕರಣ ಮರದ ಕಡೆಗೆ, ಯಂತ್ರ ಲೋಹದ ಕಡೆಗೆ.

ಆಮೇಲೆ ಕೂಡಿಸಿ. ನೆಲದಿಂದ ತೆಗೆದದ್ದು, ಅದಕ್ಕೆ ಆಮದು ಸೇರಿಸಿ, ರಫ್ತು ಕಳೆಯಿರಿ. ಬಂದದ್ದು ದೇಶದೊಳಗಿನ ವಸ್ತು ಬಳಕೆ. ಐರೋಪ್ಯ ಒಕ್ಕೂಟದಲ್ಲಿ ಇದು ತಲೆಗೆ ವರ್ಷಕ್ಕೆ ಸುಮಾರು 14 ಟನ್. ಭಾರತದ್ದು 1970ರಲ್ಲಿ 118 ಕೋಟಿ ಟನ್ ಇದ್ದದ್ದು 2015ಕ್ಕೆ 700 ಕೋಟಿ ಟನ್ ಆಯಿತು ಅನ್ನುವುದು ಸರ್ಕಾರದ ಅಂಕಿ. ಆಗಿನ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎರಡು ಟನ್ ಇದ್ದದ್ದು ಐದೂಕಾಲು ಟನ್ ಆಗಿದೆ.

ಈ ಲೆಕ್ಕದಲ್ಲಿ ಒಂದು ಓರೆ ಇದೆ, ಅದನ್ನು ಚಿನ್ನವೇ ತೋರಿಸುತ್ತದೆ. ಭಾರತ ವರ್ಷಕ್ಕೆ 700-800 ಟನ್ ಚಿನ್ನ ತರಿಸುತ್ತದೆ. ಶೀಟಿನಲ್ಲಿ ಅದು 800 ಟನ್ ಅಷ್ಟೇ, 20 ಟನ್ ಹೊರುವ 40 ಲಾರಿ. ಅದರ ಅದಿರು ಬೇರೆ ದೇಶದ ನೆಲದಲ್ಲಿ, ಬೇರೆಯವರ ಶೀಟಿನಲ್ಲಿ ಉಳಿಯಿತು. ಟನ್ ಅದಿರಿಗೆ 2 ಗ್ರಾಂ ಚಿನ್ನ ಅಂತಿಟ್ಟುಕೊಂಡರೆ ಅದು 40 ಕೋಟಿ ಟನ್. ಹಳೆ ಒಡವೆ ಕರಗಿಸಿದ ಚಿನ್ನವೂ ಇದರಲ್ಲಿ ಸೇರಿರುತ್ತದೆ, ಅದನ್ನು ಬಿಟ್ಟರೂ ದೊಡ್ಡ ರಾಶಿಯೇ. ಹೀಗೆ ಹೊರಗೆ ಉಳಿದ ಭಾರವನ್ನೂ ಬಳಸಿದವರ ಹೆಸರಿಗೆ ಬರೆಯುವುದಕ್ಕೆ ಮೆಟೀರಿಯಲ್ ಫುಟ್‌ಪ್ರಿಂಟ್ ಅನ್ನುತ್ತಾರೆ. ಯಾವ ದೇಶದ ಯಾವ ಉದ್ಯಮ ಯಾರಿಂದ ಏನು ಕೊಂಡಿತು ಅನ್ನುವ ದೊಡ್ಡ ದೊಡ್ಡ ಕೋಷ್ಟಕಗಳು ಇದಕ್ಕೆ ಬೇಕು. ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ, ವಿಶ್ವಸಂಸ್ಥೆಯ ಡೇಟಾಬೇಸಿನಲ್ಲಿ ಸಿದ್ಧ ಅಂಕಿ ಸಿಗುತ್ತದೆ. ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯಲ್ಲಿ ದೇಶದೊಳಗಿನ ವಸ್ತು ಬಳಕೆ, ಫುಟ್‌ಪ್ರಿಂಟ್ ಈ ಎರಡೂ ಅಳತೆಗಳಿವೆ. ಯಾವತ್ತೂ ಎರಡನ್ನೂ ಜೊತೆಯಲ್ಲಿಟ್ಟು ಓದಿ.

ಆರನೆಯ ಹೆಜ್ಜೆ: ಹೊರಗೆ ಹೋದದ್ದು

ಒಳಗೆ ಬಂದದ್ದು ಎಲ್ಲಿ ಹೋಯಿತು? ಹೊಗೆಯಾಯಿತು, ಕಸವಾಯಿತು, ಗೊಬ್ಬರವಾಗಿ ಹೊಲಕ್ಕೆ ಹೋಯಿತು, ಇಲ್ಲವೇ ಕಟ್ಟಡ, ರಸ್ತೆಯಾಗಿ ನಿಂತಿತು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಉರಿಸಿದರೆ ಬರುವ ಕಾರ್ಬನ್ ಡೈಆಕ್ಸೈಡ್ 2.3 ಕೆಜಿ. ಮುಕ್ಕಾಲು ಕೆಜಿಯಿಂದ ಎರಡು ಕೆಜಿಗೂ ಹೆಚ್ಚು ಹೇಗೆ ಬಂತು? ಎಂಜಿನ್ ಎಳೆದುಕೊಂಡ ಗಾಳಿಯ ಆಮ್ಲಜನಕ ಅದರಲ್ಲಿ ಸೇರಿದೆ. ಗಾಳಿಯನ್ನು ನಾವು ಎಣಿಸಿರಲಿಲ್ಲ ಅಲ್ವಾ? ಅದಕ್ಕೇ ಎರಡೂ ಕಡೆ ಸರಿತೂಗಿಸಲು ಆಮ್ಲಜನಕಕ್ಕೆ, ನೀರಾವಿಗೆ ಬೇರೆ ಸಾಲು ಇಡುತ್ತಾರೆ.

ಹೊಗೆ, ಕಸ ಎಲ್ಲ ಕಳೆದು ಉಳಿದದ್ದು ಆ ವರ್ಷ ದೇಶದಲ್ಲಿ ಹೊಸದಾಗಿ ನಿಂತ ಭಾರ. ಜಗತ್ತಿನಲ್ಲಿ ಹೀಗೆ ನಿಂತಿರುವ ಕಟ್ಟಡ, ರಸ್ತೆ, ಯಂತ್ರಗಳ ಒಟ್ಟು ತೂಕ 1900ರಿಂದ 2010ರ ನಡುವೆ 23 ಪಟ್ಟು ಬೆಳೆದಿದೆ. ಅಮ್ಮನ ಮನೆಯೂ ಈ ಸಾಲಿನಲ್ಲೇ ಇದೆ.

ಕೊನೆಯ ಹೆಜ್ಜೆ: ತಾಳೆ ನೋಡಿ

ಒಂದೇ ವಸ್ತುವಿಗೆ ಎರಡು ಕಡೆಯ ಅಂಕಿ ಇಟ್ಟು ನೋಡುವುದರಿಂದ ಎಷ್ಟು ದೊಡ್ಡ ವಿಷಯ ಹೊರಬರಬಹುದು ಅನ್ನುವುದಕ್ಕೆ ಬಳ್ಳಾರಿಯೇ ಸಾಕ್ಷಿ. 2011ರ ಲೋಕಾಯುಕ್ತ ವರದಿಯಲ್ಲಿ ಪರ್ಮಿಟ್ ಕೊಟ್ಟ ಅದಿರಿನ ಲೆಕ್ಕವನ್ನೂ ಬಂದರುಗಳಿಂದ ಹೊರಟ ಅದಿರಿನ ಲೆಕ್ಕವನ್ನೂ ಎದುರುಬದುರು ಇಟ್ಟಾಗ, ಕೋಟಿಗಟ್ಟಲೆ ಟನ್ ಅದಿರು ಪರ್ಮಿಟ್ಟೇ ಇಲ್ಲದೆ ಹಡಗು ಹತ್ತಿದ್ದು ಗೊತ್ತಾಯಿತು. ಹಾಗಾಗಿ ಎರಡು ಮೂಲಗಳು ಹೊಂದದಿದ್ದರೆ ಸರಾಸರಿ ತೆಗೆದು ಮುಚ್ಚಿಬಿಡಬೇಡಿ. ಆ ವ್ಯತ್ಯಾಸವನ್ನೇ ಬರೆದಿಡಿ.

ಘಟಕವನ್ನೂ ಪರೀಕ್ಷಿಸಿ. 2019ರ ಒಂದು ಸರ್ಕಾರಿ ಕರಡಿನಲ್ಲಿ ಭಾರತ ಎಕರೆಗೆ 1,580 ಟನ್ ಸಂಪನ್ಮೂಲ ತೆಗೆಯುತ್ತದೆ ಅಂತಿತ್ತು. ಪತ್ರಿಕೆಗಳಲ್ಲೂ ಹಾಗೇ ಬಂತು. ಕ್ಯಾಲ್ಕ್ಯುಲೇಟರ್ ತೆಗೆಯಿರಿ. ದೇಶದ ವಿಸ್ತೀರ್ಣ 32.87 ಲಕ್ಷ ಚದರ ಕಿ.ಮೀ., ಅಂದರೆ ಸುಮಾರು 81 ಕೋಟಿ ಎಕರೆ. ಗುಣಿಸಿದರೆ 1.28 ಲಕ್ಷ ಕೋಟಿ ಟನ್. ಇಡೀ ಜಗತ್ತು ತೆಗೆಯುವುದರ 12 ಪಟ್ಟು! ಎಕರೆ ಬದಲು ಚದರ ಕಿಲೋಮೀಟರ್ ಅಂತ ಓದಿ ಗುಣಿಸಿದರೆ ಬರುವುದು 519 ಕೋಟಿ ಟನ್. ಇದು ನಂಬುವಂಥ ಅಂಕಿ, ಅಂದರೆ ತಪ್ಪಿದ್ದು ಘಟಕದಲ್ಲೇ ಇರಬೇಕು.